ಬಿರುಗಾಳಿಯ ಮರುದಿನ ಗರಗಸ ಹಿಡಿದು ಬರುವವರಿಗೆ ಹೂಂ ಅನ್ನಬೇಡಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಮರವನ್ನು ಕೊಂದದ್ದು ಬಿರುಗಾಳಿ ಅಲ್ಲ. ಗಾಳಿ ನಿಂತ ಮರುದಿನ ಗರಗಸ ಹಿಡಿದು ಗೇಟಿನ ಹತ್ತಿರ ಬಂದ ಒಬ್ಬ ಮನುಷ್ಯ. ಅವನಿಗೆ ಹೂಂ ಅಂದವಳು ನಾನು.

ಆ ರಾತ್ರಿ ಮನೆ ಮುಂದಿನ ದೊಡ್ಡ ಮರದ ಎರಡು ಕೊಂಬೆ ಮುರಿದಿದ್ದವು. ಎರಡೇ. ಒಂದು ಕೆಳಗೆ ಬಿದ್ದಿತ್ತು, ಇನ್ನೊಂದು ಮೇಲೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಹಿತ್ತಲಲ್ಲಿ ನಾನೇ ನೆಟ್ಟ ಎಳೆ ಗಿಡ ಒಂದು ಕಡೆಗೆ ವಾಲಿತ್ತು. ರಾತ್ರಿಯೆಲ್ಲ ನಿದ್ದೆ ಇಲ್ಲ, ಎದೆ ಡವಡವ. ಅಂಥ ಹೊತ್ತಲ್ಲೇ ಇವರು ಬರುವುದು.

ಮರಕ್ಕೆ ಒಂದು ಸುತ್ತು ಕೂಡ ಬರಲಿಲ್ಲ ಅವನು. ಗೇಟಲ್ಲೇ ನಿಂತು ತಲೆ ಎತ್ತಿ ನೋಡಿ, "ಮೇಡಂ, ತುಂಬಾ ಎತ್ತರ ಆಗಿದೆ. ಮುಂದಿನ ಗಾಳಿಗೆ ಮನೆ ಮೇಲೇ ಬರುತ್ತೆ. ತಲೆ ತೆಗೆದುಬಿಟ್ರೆ ನಿಶ್ಚಿಂತೆ" ಎಂದ. ಮನೆ ಮೇಲೇ ಬರುತ್ತೆ ಅಂದದ್ದೇ ನನಗೆ ಸಾಕಾಯಿತು. "ಮಧ್ಯಾಹ್ನ ಬೇರೆ ಕಡೆ ಒಪ್ಕೊಂಡಿದ್ದೀನಿ, ಈಗಲೇ ಹೇಳಿ" ಎಂದ. ಏನು ಮಾಡ್ತೀರಿ, ಎಷ್ಟು ಕಡೀತೀರಿ ಎಂದು ಕೇಳಲಿಲ್ಲ. ಇನ್ನೊಬ್ಬರನ್ನು ಕರೆಸಿ ತೋರಿಸಲಿಲ್ಲ. ಪೂರ್ತಿ ದುಡ್ಡು ಮೊದಲೇ ಕೈಗಿಟ್ಟೆ.

ಕಾಲಿಗೆ ಕಬ್ಬಿಣದ ಮೊನೆ ಕಟ್ಟಿಕೊಂಡು ತೊಗಟೆಗೆ ಚುಚ್ಚುತ್ತಾ ಹತ್ತಿದ. ಹೆಜ್ಜೆಗೊಂದು ಗಾಯ. ಅದು ಗಾಯ ಅಂತಲೂ ನನಗೆ ಆಗ ಹೊಳೆಯಲಿಲ್ಲ. ಎರಡು ಗಂಟೆ ಬಿಟ್ಟು ಹೊರಗೆ ಬಂದರೆ ಅಂಗಳದಲ್ಲಿ ನೆರಳೇ ಇಲ್ಲ. ಮುರಿದ ಕೊಂಬೆ ಮಾತ್ರ ಅಲ್ಲ, ಎಲ್ಲವೂ ಹೋಗಿತ್ತು. ಒಂದು ಬೊಡ್ಡೆ, ಅದರ ಮೇಲೆ ಏಳೆಂಟು ದಪ್ಪ ಮೋಟುಗಳು. ಒಂದು ಎಲೆ ಇಲ್ಲ. ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

"ಏನ್ರೀ ಇದು, ಇಷ್ಟೊಂದು ಕಡಿದುಬಿಟ್ರಿ?"

"ಚಿಗುರುತ್ತೆ ಮೇಡಂ. ಮೊದಲಿಗಿಂತ ಜಾಸ್ತಿ ಚಿಗುರುತ್ತೆ, ನೋಡ್ತಾ ಇರಿ."

ಕೊಯ್ದ ಕಡೆಗೆಲ್ಲ ಕಪ್ಪು ಬಣ್ಣ ಬಳಿದು, "ಇದು ಔಷಧಿ, ಇನ್ನು ಕೊಳೆಯಲ್ಲ" ಎಂದ. ಹಿತ್ತಲ ಗಿಡ ನೋಡಿ, "ಬೇರು ಕಿತ್ತಿದೆ, ಬದುಕಲ್ಲ" ಎಂದು ಎಳೆದು ಗಾಡಿಗೆ ಹಾಕಿದ. ಅದಕ್ಕೂ ಬೇರೆ ದುಡ್ಡು ತೆಗೆದುಕೊಂಡ.

ಈಗ ಹೇಳುವುದು ನಾಚಿಕೆಯ ವಿಷಯ. ಮರ ನಿಜವಾಗಿಯೂ ಚಿಗುರಿತು. ಪ್ರತಿ ಮೋಟಿನಿಂದ ಹತ್ತಾರು ಚಿಗುರು, ನೆಟ್ಟಗೆ, ಪೊರಕೆಯ ಹಾಗೆ. ನಾನು ಎಷ್ಟು ಖುಷಿಪಟ್ಟೆ ಎಂದರೆ ಅವನಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ಮುಂದಿನ ವರ್ಷ ಪಕ್ಕದ ಮನೆಯವರು ಕೇಳಿದಾಗ ಅವನ ನಂಬರ್ ಕೊಟ್ಟೆ. ನಾನೇ ಕೊಟ್ಟೆ.

ಆ ಚಿಗುರು ಆರೋಗ್ಯದ ಗುರುತಲ್ಲ. ಮರಕ್ಕೆ ಆಹಾರ ಮಾಡುವುದು ಎಲೆ. ಎಲೆಯೆಲ್ಲ ಒಮ್ಮೆಲೇ ಹೋದರೆ ಮರ ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿ ಗಡಿಬಿಡಿಯಲ್ಲಿ ಚಿಗುರುತ್ತದೆ. ಹಳೆಯ ಕೊಂಬೆ ವರ್ಷ ವರ್ಷವೂ ಬೊಡ್ಡೆಯ ಜೊತೆ ಬೆಳೆದು ಬೆಸೆದುಕೊಂಡಿರುತ್ತದೆ. ಈ ಹೊಸ ಚಿಗುರು ಮೋಟಿನ ಅಂಚಿಗೆ ಮೇಲೆ ಮೇಲೆ ಅಂಟಿಕೊಂಡಿರುತ್ತದೆ. ಬೇಗ ಉದ್ದ ಆಗುತ್ತದೆ, ಭಾರ ಆಗುತ್ತದೆ, ಹಿಡಿತ ಇಲ್ಲ. ಅಷ್ಟರಲ್ಲಿ ಮೋಟಿನ ಒಳಗೆ ಕೊಳೆತ ಇಳಿಯುತ್ತಾ ಇರುತ್ತದೆ.

ಮೂರನೇ ವರ್ಷ ಗಾಳಿ ಬಂತು. ಮೊದಲಿನಷ್ಟು ಜೋರಾಗಿಯೂ ಇರಲಿಲ್ಲ. ತೋಳಿನಷ್ಟು ದಪ್ಪ ಆಗಿದ್ದ ಚಿಗುರುಗಳು ಸಿಪ್ಪೆಯಂತೆ ಸುಲಿದುಕೊಂಡು ಬಿದ್ದವು. ಒಂದು ಮೋಟು ಸೀಳಿತು. ಒಳಗೆ ಕೈ ಹಾಕಿದರೆ ಒದ್ದೆ ಪುಡಿ. ಮೇಲೆ ಅವನ ಕಪ್ಪು ಬಣ್ಣ ಹಾಗೇ ಇತ್ತು!

ಫೋನ್ ಮಾಡಿದೆ.

"ನಾನು ಆಗಲೇ ಹೇಳಿದ್ದೆ ಮೇಡಂ, ಬುಡಕ್ಕೇ ಕಡಿಸಿಬಿಡಿ ಅಂತ."

"ಯಾವಾಗ ಹೇಳಿದ್ರಿ? ತಲೆ ತೆಗೆದರೆ ನಿಶ್ಚಿಂತೆ ಅಂದಿದ್ದು ನೀವೇ ಅಲ್ವಾ?"

"ಮರ ಮೊದಲೇ ಒಳಗೆ ಕೆಟ್ಟಿತ್ತು ಬಿಡಿ. ಗಾಳಿಗೆ ನಾನೇನು ಮಾಡ್ಲಿ? ಬರ್ಲಾ, ಬುಡಕ್ಕೆ ಕಡಿದು ಕೊಡ್ತೀನಿ. ನಿಮಗೆ ಸ್ವಲ್ಪ ಕಮ್ಮಿ ಮಾಡ್ಕೋತೀನಿ."

ಹಾಳು ಮಾಡಿದವನೇ ಕಮ್ಮಿ ಮಾಡಿಕೊಳ್ಳುತ್ತೇನೆ ಅನ್ನುತ್ತಾನೆ. ಆ ಮಾತು ಇನ್ನೂ ಕಿವಿಯಲ್ಲಿದೆ.

ಆಮೇಲೆ ಮರಗಳ ಆರೈಕೆ ಕಲಿತ ಒಬ್ಬರನ್ನು ಕರೆಸಿದೆ. ಅವರು ಮೊದಲು ಬುಡ ನೋಡಿದರು, ಸುತ್ತು ಹಾಕಿ ತಟ್ಟಿ ನೋಡಿದರು, ಆಮೇಲೆ ಮಾತಾಡಿದರು. ಅವತ್ತು ಬೇಕಾಗಿದ್ದದ್ದು ಇಷ್ಟೇ ಅಂತೆ: ನೇತಾಡುವ ಕೊಂಬೆ ಇಳಿಸುವುದು, ಮುರಿದ ತುದಿ ಶುದ್ಧವಾಗಿ ಕೊಯ್ಯುವುದು. ಕೊಂಬೆ ಬೊಡ್ಡೆಗೆ ಸೇರುವಲ್ಲಿ ಒಂದು ಉಬ್ಬು ಇರುತ್ತದಲ್ಲ, ಅದನ್ನು ಮುಟ್ಟದೆ ಅದರ ಹೊರಗೇ ಕೊಯ್ಯಬೇಕು. ಭಾರದ ಕೊಂಬೆಗೆ ಮೊದಲು ಕೆಳಗಿನಿಂದ ಗರಗಸ ಹಾಕಬೇಕು, ಇಲ್ಲದಿದ್ದರೆ ತೊಗಟೆ ಹರಿದುಕೊಂಡು ಬರುತ್ತದೆ. ಒಂದು ವರ್ಷದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯಬಾರದು. ಬಣ್ಣ ಸುಮ್ನೆ. ಅಲೆಕ್ಸ್ ಶೈಗೊ ಎಂಬ ಅಮೆರಿಕದ ಅರಣ್ಯ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದು ಇದನ್ನೇ. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಕೊಳೆತದ ಸುತ್ತ ಒಳಗೇ ಗೋಡೆ ಕಟ್ಟಿಕೊಳ್ಳುತ್ತದೆ. ನನ್ನ ಮರಕ್ಕೆ ಅದಕ್ಕೂ ಶಕ್ತಿ ಉಳಿದಿರಲಿಲ್ಲ.

ಆ ಎಳೆ ಗಿಡದ ವಿಷಯ ಇನ್ನೂ ಜಾಸ್ತಿ ಉರಿಸುತ್ತದೆ. 1987ರ ಅಕ್ಟೋಬರ್‌ನಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಬಿರುಗಾಳಿಗೆ ಸುಮಾರು 1.5 ಕೋಟಿ ಮರ ಉರುಳಿದವು. ಲಂಡನ್ನಿನ ಕ್ಯೂ ಎಂಬ ಸಸ್ಯೋದ್ಯಾನದ ಟರ್ನರ್ಸ್ ಓಕ್ ಎಂಬ ಹಳೆಯ ಮರವನ್ನು ಗಾಳಿ ಬೇರು ಸಮೇತ ಎತ್ತಿ ಮತ್ತೆ ಅಲ್ಲೇ ಕೂರಿಸಿತು. ಅದು ಉಳಿಯಲ್ಲ ಎಂದುಕೊಂಡಿದ್ದರು. ಮೂರು ವರ್ಷ ಬಿಟ್ಟು ನೋಡಿದರೆ ಮೊದಲಿಗಿಂತ ಚೆನ್ನಾಗಿ ಬೆಳೆಯುತ್ತಿತ್ತು. ಜನ ಓಡಾಡಿ ಗಟ್ಟಿಯಾಗಿದ್ದ ಮಣ್ಣು ಸಡಿಲ ಆಗಿ ಬೇರಿಗೆ ಗಾಳಿ, ನೀರು ಸಿಕ್ಕಿತ್ತು. ಅಷ್ಟು ದೊಡ್ಡ ಮರ ಹೀಗೆ ಉಳಿಯುವುದು ಅಪರೂಪ, ಒಪ್ಪುತ್ತೇನೆ. ಬುಡದ ಮಣ್ಣು ಒಂದು ಕಡೆ ಬಿರಿದು ಎದ್ದಿರುವ ದೊಡ್ಡ ಮರದ ಹತ್ತಿರ ಹೋಗಲೇಬೇಡಿ. ಆದರೆ ನನ್ನದು ಎಳೆ ಗಿಡ, ಬರೀ ವಾಲಿತ್ತು. ನೆಟ್ಟಗೆ ನಿಲ್ಲಿಸಿ, ಬೇರಿಗೆ ಮಣ್ಣು ಮುಚ್ಚಿ, ನೀರು ಹಾಕಿ, ಒಂದು ವರ್ಷ ಊರುಗೋಲು ಕೊಟ್ಟು ಆಮೇಲೆ ಬಿಚ್ಚಿದ್ದರೆ ಸಾಕಿತ್ತು. ಅವನ ಗಾಡಿ ಬೇರೆ ಆ ಹೊತ್ತೆಲ್ಲ ದೊಡ್ಡ ಮರದ ಬೇರಿನ ಮೇಲೇ ನಿಂತಿತ್ತು.

ಗಾಳಿ ನಿಂತ ಮೇಲೆ ತಲೆ ಮೇಲೆ ನೇತಾಡುವುದನ್ನು ಮಾತ್ರ ತಕ್ಷಣ ತೆಗೆಸಿ. ತಂತಿ ತಗುಲಿದ್ದರೆ ವಿದ್ಯುತ್ ಇಲಾಖೆಯವರೇ ಬರಲಿ. ಉಳಿದದ್ದಕ್ಕೆ ಕೆಲವು ವಾರ ಕಾಯಿರಿ, ಮರ ಎಲ್ಲಿಗೂ ಹೋಗಲ್ಲ. "ತಲೆ ತೆಗೀತೀನಿ" ಅಂದವನನ್ನು, ಮೊನೆ ಕಟ್ಟಿಕೊಂಡು ಹತ್ತುವವನನ್ನು ಗೇಟಿನಿಂದಲೇ ಕಳಿಸಿ. ದುಡ್ಡು ಮೊದಲೇ ಕೊಡಬೇಡಿ, ಕೊಡಲೇಬೇಡಿ.

ಪಕ್ಕದ ಮನೆಯವರ ಮರಕ್ಕೂ ಅವನೇ ಗರಗಸ ಹಾಕಿದ. ಅದರ ಚಿಗುರಿಗೆ ಈಗ ಎರಡು ವರ್ಷ. ಅದರ ಕೆಳಗೆ ಅವರ ಮಕ್ಕಳು ಆಡುತ್ತವೆ. ಇವತ್ತು ಸಂಜೆ ಹೋಗಿ ಎಲ್ಲ ಹೇಳಬೇಕು.