ಹದಿನೇಳು ವರ್ಷ ಒಂದೇ ಸಿಮ್: ದೇವಿಮನೆ ಘಟ್ಟದ ಹತ್ತಿರದ ಅನುಭವ

2008ರಲ್ಲಿ ಶಿರಸಿ ಪೇಟೆಯಲ್ಲಿ ಕೊಂಡ ಸಿಮ್ಮೇ ಈಗಲೂ ನನ್ನ ಫೋನಿನಲ್ಲಿದೆ. ಕಂಪನಿಯ ಹೆಸರು ಇಲ್ಲಿ ಬೇಡ.

ನಮ್ಮ ಮನೆ ಅಡಿಕೆ ತೋಟದ ಪಕ್ಕ, ತಗ್ಗಿನಲ್ಲಿ. ಆಗ ಇದ್ದದ್ದು ಬರೀ 2ಜಿ. ಜಗಲಿಯ ಮೂಲೆಯಲ್ಲಿ ನಿಂತರೆ ಎರಡು ಕಡ್ಡಿ ಸಿಗ್ನಲ್, ಮಾತು ಸರಿಯಾಗಿ ಕೇಳುತ್ತಿತ್ತು. ಲೈಫ್‌ಟೈಮ್ ಸಿಮ್ ಆದ್ದರಿಂದ ಕರೆನ್ಸಿ ಖಾಲಿಯಾದರೂ ಒಳಬರುವ ಕರೆ ನಿಲ್ಲುತ್ತಿರಲಿಲ್ಲ. ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕನೂ ಅದೇ ಸಿಮ್ ತಗೊಂಡರು, ಒಂದು ಬಟನ್ ಫೋನಿಗೆ. ಗೋವಾದಲ್ಲಿದ್ದ ಅವರ ಮಗ ರಾತ್ರಿ ಫೋನ್ ಮಾಡುತ್ತಿದ್ದ. ಅವರಿಗೆ ವರ್ಷಕ್ಕೆ ಐವತ್ತು ರೂಪಾಯಿ ಖರ್ಚಾಗಿದ್ದರೆ ಹೆಚ್ಚು. ಆ ಕಾಲದ ಸೇವೆಗೆ ನಾನು ಪೂರ್ತಿ ಐದು ಸ್ಟಾರ್ ಕೊಡುತ್ತೇನೆ.

2018ರ ಕೊನೆಗೆ ಕನಿಷ್ಠ ರೀಚಾರ್ಜ್ ಬಂತು. 28 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ ಹದಿಮೂರು ಸಲ. ನನಗೆ ಅದು ಸಣ್ಣ ಖರ್ಚು, ಅಕ್ಕನಿಗೆ ಬರಬರುತ್ತ ಸಲಕ್ಕೆ ಅರ್ಧ ದಿನದ ಕೂಲಿಯಷ್ಟಾಯಿತು. ಎರಡು ಸಲ ತಪ್ಪಿ ಮಗನ ಕರೆಯೇ ಬರದಂತಾಗಿತ್ತು.

4ಜಿ ಬಂದ ಮೇಲೆ ಕುಮಟಾ ರಸ್ತೆಯಲ್ಲಿ ನಿಂತರೆ ವಿಡಿಯೊ ಸಲೀಸಾಗಿ ಓಡುತ್ತದೆ. ತಗ್ಗಿಗೆ ಇಳಿದರೆ ಸುತ್ತುತ್ತಲೇ ಇರುತ್ತದೆ. ಕಡಿಮೆ ಆವರ್ತನದ ಅಲೆ ದೂರ ಸಾಗುತ್ತದೆ, ಮರಗಳ ನಡುವೆಯೂ ನುಸುಳುತ್ತದೆ. 2ಜಿಗೆ ಬಳಸುವ 900 ಮೆಗಾಹರ್ಟ್ಸ್‌ನಲ್ಲಿ ಸಿಗುವ ಹರವು 4ಜಿಗೆ ಬಳಸುವ 2300ರಲ್ಲಿ ಸಿಗದು. 5ಜಿಯ 3500 ಅದಕ್ಕೂ ಗಿಡ್ಡ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ 2011ರಿಂದ ಇದೆ, ಆದರೆ ನಮ್ಮ ತಗ್ಗಿಗೆ ಬೇರೆ ಟವರ್ ಮುಟ್ಟುವುದೇ ಇಲ್ಲ.

2020ರ ಮಳೆಗಾಲ ಮರೆಯಲಾರೆ. ಮಗಳ ಆನ್‌ಲೈನ್ ಕ್ಲಾಸಿಗೆಂದು ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ತಾಡಪತ್ರಿ ಹೊದೆಸಿ ಮಾಳ ಕಟ್ಟಿದೆವು. ಕಾಲಿಗೆ ಕಚ್ಚಿದ ಉಂಬಳ ಕೀಳುತ್ತ ಕೂತು ಪಾಠ ಕೇಳುವುದು. ಅಕ್ಕನ ಮೊಮ್ಮಗಳೂ ಅದೇ ತರಗತಿ. ಅವರ ಮನೆಯಲ್ಲಿ ಬಟನ್ ಫೋನು, ಹಾಗಾಗಿ ನಮ್ಮ ಮೊಬೈಲನ್ನೇ ಇಬ್ಬರೂ ನೋಡುತ್ತಿದ್ದರು. ಹಾಜರಿ ಹಾಕುವಾಗ ಲೆಕ್ಕಕ್ಕೆ ಬಂದದ್ದು ನನ್ನ ಮಗಳೊಬ್ಬಳೇ. ನಾನು ಟೀಚರಿಗೆ ಫೋನ್ ಮಾಡಿ ಹೇಳುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಆ ಹುಡುಗಿ ಒಂದು ದಿನವೂ ತಪ್ಪಿಸಿರಲಿಲ್ಲ.

ಕಸ್ಟಮರ್ ಕೇರಿಗೆ ದೂರು ಕೊಡಲೂ ಬೆಟ್ಟ ಹತ್ತಬೇಕು. "ನಿಮ್ಮ ಭಾಗದಲ್ಲಿ ಸೇವೆ ಇದೆ" ಎನ್ನುತ್ತಾರೆ. ಇದೆ, ರಸ್ತೆಯ ಮೇಲೆ.

ಒಂದು ಒಳ್ಳೆಯ ಬದಲಾವಣೆಯಾಗಿದೆ. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ರೀಚಾರ್ಜನ್ನೂ ಕಂಪನಿಗಳು ಕೊಡಬೇಕು, ಅವಧಿ 365 ದಿನದವರೆಗೂ ಇರಬಹುದು ಎಂದಿತು. ಅಕ್ಕನಿಗೆ ಅಂಥದ್ದನ್ನೇ ಹುಡುಕಿ ಹಾಕಿಸಿದೆ. ಒಂದೇ ಸಲಕ್ಕೆ ದೊಡ್ಡ ಮೊತ್ತ ಬೇಕಲ್ಲ, ಅಡಿಕೆ ಕೊಯ್ಲು ಮುಗಿದು ಕೂಲಿ ಕೈಗೆ ಬರುವ ತನಕ ಕಾದರು. "ಅಮ್ಮಾ, ಇನ್ನು ಒಂದು ವರ್ಷ ಮಗನ ಫೋನ್ ಬತ್ತದಲ್ಲ?" ಎಂದು ಎರಡೆರಡು ಸಲ ಕೇಳಿದರು.

ಈಗಿನ ಸೇವೆಗೆ ಮಾತಿಗೆ ನಾಲ್ಕು ಸ್ಟಾರ್, ಮನೆಯೊಳಗಿನ ಡೇಟಾಕ್ಕೆ ಒಂದು. ಘಟ್ಟದ ಕಡೆಯವರು ಹೊಸ ಸಿಮ್ ಕೊಳ್ಳುವುದಿದ್ದರೆ ಅಂಗಡಿಯ ಮುಂದೆ ಕಡ್ಡಿ ಎಣಿಸಬೇಡಿ. ಆ ಕಂಪನಿಯ ಸಿಮ್ ಇರುವ ನೆಂಟರ ಫೋನ್ ಇಸಿದುಕೊಂಡು, ಜೋರು ಮಳೆಯಲ್ಲಿ, ಕರೆಂಟು ಹೋಗಿ ನಾಲ್ಕು ತಾಸಾದ ಮೇಲೆ, ನಿಮ್ಮ ಅಡುಗೆಮನೆಯಲ್ಲಿ ನಿಂತು ಒಂದು ಕರೆ ಮಾಡಿ ನೋಡಿ.