ಹಳೆಯ ಮಾರುತಿ 800ಕ್ಕೆ 20ಡಬ್ಲ್ಯೂ-50 ಮಿನರಲ್ ಆಯಿಲ್: ಹಾಕಬಹುದೇ, ಎಷ್ಟು ದಿನಕ್ಕೆ ಬದಲಿಸಬೇಕು?

ಮಾರುತಿ 800 ತಯಾರಿ 2014ರ ಜನವರಿಗೇ ನಿಂತಿತು. ಬೆಂಗಳೂರಿನಲ್ಲಂತೂ 2010ರಲ್ಲಿ ಬಿಎಸ್-4 (ಹೊಗೆ ಮಾಲಿನ್ಯದ ನಿಯಮ) ಬಂದಾಗಲೇ ಮಾರಾಟ ಮುಗಿದಿತ್ತು. ಹಾಗಾಗಿ ಅಲ್ಲಿ ಶೋರೂಮಿನಿಂದ ಇಳಿದ 800 ಯಾವುದೇ ಇರಲಿ, ಈಗ 15 ವರ್ಷ ದಾಟಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿಕೊಂಡೇ ಓಡಬೇಕು. ಇಂಥ ಕಾರನ್ನು ಗ್ಯಾರೇಜಿಗೆ ತಂದವರು ಮೊದಲು ಕೇಳುವುದು ಆಯಿಲ್ ಬಗ್ಗೆ: ದುಬಾರಿ ಸಿಂಥೆಟಿಕ್ ಹಾಕಿಸಬೇಕೇ, ಪೆಟ್ರೋಲ್ ಬಂಕಿನಲ್ಲಿ ಸಿಗುವ ಸಾದಾ, ಅಂದರೆ ಮಿನರಲ್, 20ಡಬ್ಲ್ಯೂ-50 ಸಾಕೇ? ಕಾರ್ಬ್ಯುರೇಟರ್ ಇರುವ, ಲಕ್ಷ ಕಿ.ಮೀ. ದಾಟಿದ 800ಕ್ಕೆ ಸಾದಾ ಆಯಿಲ್ ಧಾರಾಳವಾಗಿ ಸಾಕು. ಸಿಂಥೆಟಿಕ್‌ಗೆ ಹಾಕುವ ಹಣವನ್ನು ಒಳ್ಳೆಯ ಫಿಲ್ಟರ್‌ಗೂ ಬೇಗ ಬೇಗ ಬದಲಿಸುವುದಕ್ಕೂ ಬಳಸಿದರೆ ಎಂಜಿನ್‌ಗೆ ಹೆಚ್ಚು ಲಾಭ.

ಈ ಗ್ರೇಡಿನ ಆಯಿಲ್ ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್ ಎಲ್ಲದರಲ್ಲೂ ಸಿಗುತ್ತದೆ. ಬ್ರ್ಯಾಂಡ್‌ಗಿಂತ ಕ್ಯಾನಿನ ಹಿಂದೆ ಬರೆದದ್ದನ್ನು ಓದಿ. ಎಪಿಐ (ಆಯಿಲ್ ಗುಣಮಟ್ಟದ ಅಮೆರಿಕನ್ ಗುರುತು) ಎಸ್‌ಎಲ್ ಅಥವಾ ಅದಕ್ಕಿಂತ ಮುಂದಿನ ಅಕ್ಷರ, ಅಂದರೆ ಎಸ್‌ಎಂ, ಎಸ್‌ಎನ್, ಎಸ್‌ಪಿ ಇದ್ದರೆ ಕಣ್ಣುಮುಚ್ಚಿ ಹಾಕಬಹುದು. ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಹೊಸದು ಹಳೆಯ ಎಂಜಿನ್‌ಗೂ ನಡೆಯುತ್ತದೆ. ಬರೀ ‘ಸಿಎಫ್’ ಎಂದಷ್ಟೇ ಇದ್ದರೆ ಅದು ಡೀಸೆಲ್ ಎಂಜಿನ್‌ಗೆ ಮಾಡಿದ ಹಳೇ ಆಯಿಲ್, ಅದನ್ನು ಬಿಟ್ಟುಬಿಡಿ.

ದಪ್ಪ ಆಯಿಲ್ ಯಾಕೆ? 20ಡಬ್ಲ್ಯೂ-50ರಲ್ಲಿ 20ಡಬ್ಲ್ಯೂ ಚಳಿಯಲ್ಲಿನ ದಪ್ಪದ ಗುರುತು, 50 ಬಿಸಿಯಲ್ಲಿನದು. ಎಂಜಿನ್ ಕಾದು 100 ಡಿಗ್ರಿ ಮುಟ್ಟಿದಾಗ 30 ಗ್ರೇಡಿನ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ಸ್‌ಗೆ (ಆಯಿಲ್ ದಪ್ಪದ ಅಳತೆ) ಇಳಿದಿರುತ್ತದೆ, 50 ಗ್ರೇಡಿನದು ಇನ್ನೂ 16.3ಕ್ಕಿಂತ ಮೇಲೇ ಇರುತ್ತದೆ. ಬೇರಿಂಗ್ ಸವೆದು ಸಂದು ದೊಡ್ಡದಾದ ಎಂಜಿನ್‌ನಲ್ಲಿ ತೆಳು ಆಯಿಲ್ ಆ ಸಂದಿನಿಂದ ಬೇಗ ಜಾರಿಹೋಗಿ ಪ್ರೆಷರ್ ನಿಲ್ಲುವುದಿಲ್ಲ. ಸಿಗ್ನಲ್‌ನಲ್ಲಿ ಐಡಲ್‌ಗೆ ಬಂದಾಗ ಕೆಂಪು ಆಯಿಲ್ ಲೈಟ್ ಮಿನುಗುವುದು ಇದರಿಂದಲೇ. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಗೆ 20ಡಬ್ಲ್ಯೂ-50 ಹೇಳಿ ಮಾಡಿಸಿದ ಗ್ರೇಡ್. ಮಡಿಕೇರಿ, ಚಿಕ್ಕಮಗಳೂರಿನ ಕಡೆ ಡಿಸೆಂಬರ್ ಬೆಳಗಿನಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಟ್ಯಾಪೆಟ್ ಸದ್ದು (ವಾಲ್ವ್‌ಗಳ ಟಕಟಕ) ಕೆಲವು ಸೆಕೆಂಡ್ ಜಾಸ್ತಿ ಕೇಳಬಹುದು. ಹಾಗಿದ್ದರೂ ಅಲ್ಲಿನ ಚಳಿಯಲ್ಲಿ ಈ ಆಯಿಲ್ ಗಟ್ಟಿಯಾಗುವ ಭಯ ಬೇಡ, 20ಡಬ್ಲ್ಯೂ ಪರೀಕ್ಷೆ ನಡೆಯುವುದು ಸೊನ್ನೆಗಿಂತ ಎಷ್ಟೋ ಕೆಳಗೆ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದ ಮೇಲಿನ 800, ಎಂಜಿನ್ ಇನ್ನೂ ಬಿಗಿಯಾಗಿ ಆಯಿಲ್ ತಿನ್ನದೆ ಇದ್ದರೆ, 10ಡಬ್ಲ್ಯೂ-30 ಅಥವಾ 10ಡಬ್ಲ್ಯೂ-40ರಲ್ಲಿ ಹಗುರವಾಗಿ ಓಡುತ್ತದೆ. ಅದಕ್ಕೆ 50 ಗ್ರೇಡ್ ಹಾಕಿದರೆ ಕೆಡುವುದೇನಿಲ್ಲ, ಮೈಲೇಜ್ ಸ್ವಲ್ಪ ತಗ್ಗುತ್ತದೆ ಅಷ್ಟೇ.

ಮಿನರಲ್ ಆಯಿಲ್‌ನ ನಿಜವಾದ ದೌರ್ಬಲ್ಯ ಆಯಸ್ಸು. ಸಿಂಥೆಟಿಕ್‌ನಂತೆ 10,000 ಕಿ.ಮೀ. ಎಳೆಯಲು ಹೋಗಬೇಡಿ. 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ ಇಳಿಸಿ. ‘ಕಾರು ಓಡಿಸುವುದೇ ಇಲ್ಲ, ಆಯಿಲ್ ಹೊಸದಾಗಿಯೇ ಇದೆ’ ಎನ್ನುವವರ ಕಾರಿನಲ್ಲೇ ಆಯಿಲ್ ಬೇಗ ಕೆಡುತ್ತದೆ. ತರಕಾರಿಗೆ, ಶಾಲೆಗೆ ಎಂದು ಎರಡು ಕಿ.ಮೀ. ಓಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಕಾಯುವುದಿಲ್ಲ, ಒಳಗಿನ ತೇವ ಆವಿಯಾಗಿ ಹೊರಹೋಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿ. ಒಳಬದಿಗೆ ಬೆಣ್ಣೆಯಂಥ ಬಿಳಿ ಪದರ ಕಟ್ಟಿದ್ದರೆ ಅದು ನೀರು ಬೆರೆತ ಆಯಿಲ್. ಮುಚ್ಚಳದಲ್ಲಿ ಮಾತ್ರ ಇದ್ದರೆ ಒರೆಸಿ, ಒಮ್ಮೆ ದೂರ ಓಡಿಸಿ ಬಂದರೆ ಸರಿಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲೂ (ಆಯಿಲ್ ಮಟ್ಟ ನೋಡುವ ಕಡ್ಡಿ) ಬಿಳಿ ಕಂಡರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಲೇಬೇಕು.

ಕಾರ್ಬ್ಯುರೇಟರ್ ಮಾಡೆಲ್‌ನಲ್ಲಿ ಇನ್ನೊಂದು ಕಾಯಿಲೆ ಇದೆ, ಅದು ಅನೇಕರ ಗಮನಕ್ಕೇ ಬರುವುದಿಲ್ಲ. ಅದರ ಪೆಟ್ರೋಲ್ ಪಂಪ್ ಮೆಕ್ಯಾನಿಕಲ್, ಒಳಗೊಂದು ರಬ್ಬರ್ ಡಯಾಫ್ರಾಮ್ ಇದೆ. ಅದು ಹರಿದರೆ ಪೆಟ್ರೋಲ್ ಸೀದಾ ಎಂಜಿನ್ ಒಳಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಆಗ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತದೆ. ಕಡ್ಡಿಯನ್ನು ಮೂಗಿಗೆ ಹಿಡಿಯಿರಿ, ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಬೆರಳ ನಡುವೆ ತಿಕ್ಕಿದರೆ ಆಯಿಲ್‌ನ ಜಿಗುಟೇ ಇರುವುದಿಲ್ಲ. ಹೀಗಿರುವಾಗ ಎಷ್ಟು ದುಬಾರಿ ಆಯಿಲ್ ಹಾಕಿದರೂ ದುಡ್ಡು ನೀರುಪಾಲು. ಮೊದಲು ಪಂಪ್ ಬದಲಿಸಿ, ಆಮೇಲೆ ಆಯಿಲ್.

ಫಿಲ್ಟರ್ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಒರಿಜಿನಲ್ ಮಾರುತಿ ಫಿಲ್ಟರ್‌ಗೂ ಹೆಸರಿಲ್ಲದ ಫಿಲ್ಟರ್‌ಗೂ ಬೆಲೆಯ ಅಂತರ ಸಣ್ಣದು, ಕೆಲಸದ ಅಂತರ ದೊಡ್ಡದು. ಒಳಗಿನ ರಬ್ಬರ್ ವಾಲ್ವ್ ಎಂಜಿನ್ ನಿಂತ ಮೇಲೆ ಆಯಿಲ್ ವಾಪಸ್ ಸೋರದಂತೆ ತಡೆಯಬೇಕು. ಅಗ್ಗದ ಫಿಲ್ಟರ್‌ನಲ್ಲಿ ಈ ರಬ್ಬರ್ ಬೇಗ ಗಟ್ಟಿಯಾಗುತ್ತದೆ, ರಾತ್ರಿಯೆಲ್ಲಾ ಆಯಿಲ್ ಚೇಂಬರ್‌ಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿದು ಬೆಳಿಗ್ಗೆ ಎಂಜಿನ್ ಒಣದಾಗಿ ತಿರುಗುತ್ತದೆ. ಜೊತೆಗೆ ಡ್ರೈನ್ ಬೋಲ್ಟ್‌ನ ವಾಷರ್ ಪ್ರತಿಸಲ ಹೊಸದು ಹಾಕಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರದ ಬಿಡಿಭಾಗದ ಅಂಗಡಿಯಲ್ಲೂ ಎರಡೂ ಸಿಗುತ್ತವೆ.

ಕೆಲಸ ಮಾಡಿಸುವಾಗ ಎದುರಿಗೇ ನಿಂತು ನೋಡಿ. ಎಂಜಿನ್ ಹತ್ತು ನಿಮಿಷ ಓಡಿ ಬೆಚ್ಚಗಿರಬೇಕು, ಕೈ ಸುಡುವಷ್ಟು ಬಿಸಿ ಬೇಡ. ಮೇಲಿನ ಮುಚ್ಚಳ ತೆಗೆದು ಆಮೇಲೆ ಕೆಳಗಿನ ಬೋಲ್ಟ್ ಬಿಚ್ಚಿದರೆ ಆಯಿಲ್ ಸರಾಗವಾಗಿ ಇಳಿಯುತ್ತದೆ. ಹನಿ ನಿಲ್ಲುವವರೆಗೆ ಬಿಡಿ, ಹತ್ತು–ಹದಿನೈದು ನಿಮಿಷ ಬೇಕು. ಗಡಿಬಿಡಿಯ ಗ್ಯಾರೇಜ್‌ಗಳಲ್ಲಿ ಕಪ್ಪು ಆಯಿಲ್ ಒಳಗೇ ಉಳಿಯುವುದು ಇಲ್ಲಿಯೇ. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಎರಡು ರಿಂಗ್ ಸೇರಿ, ಗಾಡಿ ಸ್ಪೀಡ್ ಹಿಡಿದ ಕೂಡಲೇ ಆಯಿಲೆಲ್ಲ ರಸ್ತೆಪಾಲು. ಹೊಸ ರಿಂಗ್‌ಗೆ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಕು, ಪಾನಾ ಬೇಡ. ಡ್ರೈನ್ ಬೋಲ್ಟನ್ನು ಪಾನಾದಿಂದ ಬಿಗಿ ಮಾಡಿದರೂ ಅತಿಯಾಗಬಾರದು: ಸುಮಾರು 35 ನ್ಯೂಟನ್ ಮೀಟರ್ ಸಾಕು. ಪಾನಾಕ್ಕೆ ಪೈಪ್ ಸಿಕ್ಕಿಸಿ ಒತ್ತುವ ಹುಡುಗರನ್ನು ಅಲ್ಲೇ ತಡೆಯಿರಿ, ಥ್ರೆಡ್ ಹೋದರೆ ಚೇಂಬರ್ ಇಳಿಸಬೇಕಾಗುತ್ತದೆ.

ಫಿಲ್ಟರ್ ಸಮೇತ ಈ ಎಂಜಿನ್ ಹಿಡಿಯುವುದು ಸುಮಾರು 2.7 ಲೀಟರ್. ಮೂರು ಲೀಟರ್ ಕ್ಯಾನ್ ತಂದಿದ್ದಾರೆಂದು ಪೂರ್ತಿ ಸುರಿಯುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಜಾಸ್ತಿಯಾದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಬ್ರೀದರ್ ಪೈಪಿನಿಂದ ಆಯಿಲ್ ಏರ್ ಕ್ಲೀನರ್‌ಗೆ ಹೋಗಿ ಹೊಗೆ ಬರುತ್ತದೆ. ಎರಡೂವರೆ ಲೀಟರ್ ಹಾಕಿ, ಒಂದು ನಿಮಿಷ ಸ್ಟಾರ್ಟ್ ಮಾಡಿ, ಆಯಿಲ್ ಲೈಟ್ ಆರಿದ್ದನ್ನು ನೋಡಿ ನಿಲ್ಲಿಸಿ. ಸಮತಟ್ಟು ಜಾಗದಲ್ಲಿ ಐದು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಅದ್ದಿ, ಮೇಲಿನ ಗುರುತಿನವರೆಗೆ ಸ್ವಲ್ಪಸ್ವಲ್ಪವಾಗಿ ತುಂಬಿಸಿ. ಉಳಿದದ್ದು ಡಿಕ್ಕಿಯಲ್ಲಿರಲಿ, ನಡುವೆ ಟಾಪ್-ಅಪ್‌ಗೆ ಬೇಕಾಗುತ್ತದೆ.

‘ಫ್ಲಶ್ ಮಾಡೋಣ ಸಾರ್, ಒಳಗೆಲ್ಲ ಕ್ಲೀನ್ ಆಗುತ್ತೆ’ ಎಂದರೆ ಬೇಡ ಅನ್ನಿ. ವರ್ಷಗಟ್ಟಲೆ ಕೂತ ಗಸಿ ಒಮ್ಮೆಲೇ ಕಿತ್ತುಬಂದು ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಸೀಜ್ ಆಗುತ್ತದೆ. ಗಸಿ ಕಟ್ಟಿದ ಎಂಜಿನ್‌ಗೆ ಇದೇ ಸಾದಾ ಆಯಿಲ್ ಹಾಕಿ, 1,000 ಕಿ.ಮೀ.ಗೆ ಫಿಲ್ಟರ್ ಸಮೇತ ಇಳಿಸಿ, ಮತ್ತೊಮ್ಮೆ 2,000ಕ್ಕೆ ಇಳಿಸಿದರೆ ನಿಧಾನವಾಗಿ ತೊಳೆದುಹೋಗುತ್ತದೆ. ಆಯಿಲ್ ಬೇಗ ಕಪ್ಪಾಯಿತೆಂದು ದೂರುವವರಿದ್ದಾರೆ. ಹಳೇ ಎಂಜಿನ್‌ನಲ್ಲಿ ಕೊಳೆ ಎತ್ತುತ್ತಿರುವ ಆಯಿಲ್ ಕಪ್ಪಾಗಲೇಬೇಕು.

ಸೋರಿಕೆಯನ್ನು ಯಾವ ಗ್ರೇಡೂ ನಿಲ್ಲಿಸುವುದಿಲ್ಲ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಡಿಸ್ಟ್ರಿಬ್ಯೂಟರ್ ಬುಡದ ಓ-ರಿಂಗ್ ಎರಡೂ ಕಡಿಮೆ ಖರ್ಚಿನ ಕೆಲಸ, ಆಯಿಲ್ ಬದಲಿಸುವ ದಿನವೇ ಮಾಡಿಸಿ. ಮುಂದಿನ ಕ್ರ್ಯಾಂಕ್ ಸೀಲ್ ಸೋರಿದರೆ ಮಾತ್ರ ಮುಂದೂಡಬೇಡಿ, ಅಲ್ಲಿಂದ ಜಿನುಗುವ ಆಯಿಲ್ ಟೈಮಿಂಗ್ ಬೆಲ್ಟ್‌ಗೆ ತಾಗಿ ರಬ್ಬರ್ ಮೆತ್ತಗಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್‌ಗೆ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿವೆ, ಎಂಜಿನ್ ಬೋರ್‌ಗೆ (ಸಿಲಿಂಡರ್ ಕೊರೆಸುವ ಕೆಲಸಕ್ಕೆ) ಬಂದಿದೆ.

ನಕಲಿ ಆಯಿಲ್ ಕಾಟ ಇರುವುದರಿಂದ ಬಂಕಿನಲ್ಲೋ ಬಿಲ್ ಕೊಡುವ ಅಂಗಡಿಯಲ್ಲೋ ಕೊಂಡು, ಸೀಲ್ ನಿಮ್ಮ ಎದುರಿಗೇ ಒಡೆಸಿ. ಡ್ರಮ್ಮಿನಿಂದ ಅಳೆದು ಹಾಕುವ ಲೂಸ್ ಆಯಿಲ್ ಬೇಡ. ಖಾಲಿ ಕ್ಯಾನನ್ನು ಗ್ಯಾರೇಜಿನಲ್ಲಿ ಬಿಡುವ ಮುನ್ನ ಚಾಕುವಿನಿಂದ ಕೊಯ್ದುಬಿಡಿ, ಇಲ್ಲದಿದ್ದರೆ ಅದೇ ಕ್ಯಾನ್ ತುಂಬಿ ಇನ್ನೊಬ್ಬರಿಗೆ ಮಾರಾಟವಾಗುತ್ತದೆ. ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯದೆ, ಮರುಬಳಕೆಗೆ ಕೊಡುವ ಗ್ಯಾರೇಜ್‌ಗೆ ಒಪ್ಪಿಸಿ.