ಪ್ಯಾಡಲ್ಲೋ ಬಟನ್ನೋ? ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ನನ್ನ ಹತ್ತಿರ ವಾಲ್ಟರ್ ಕಂಪನಿಯ ಎರಡು ಪಿಪಿಕ್ಯೂ ಪಿಸ್ತೂಲುಗಳಿವೆ. ಒಂದು 2011ರಲ್ಲಿ ಬಂದ ಮೊದಲ ಮಾದರಿ. ಇನ್ನೊಂದು 2013ರಲ್ಲಿ ಬಂದ ಎಂ2. ಎರಡೂ 9 ಎಂಎಂ. ಟ್ರಿಗರ್ ಒಂದೇ ತರಹ, ಹಿಡಿ ಒಂದೇ ತರಹ. ದೊಡ್ಡ ವ್ಯತ್ಯಾಸ ಒಂದೇ, ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ) ಬಿಡಿಸುವ ರೀತಿ. ಮೊದಲನೆಯದರಲ್ಲಿ ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆ) ಹಿಂಭಾಗಕ್ಕೆ ಅಂಟಿಕೊಂಡ ಪ್ಯಾಡಲ್. ಎಂ2ನಲ್ಲಿ ಎಲ್ಲರಿಗೂ ಗೊತ್ತಿರುವ ಬಟನ್. ಬಟನ್ ಮತ್ತು ಪ್ಯಾಡಲ್ ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಬೇರೆ ಬೇರೆ ಕಂಪನಿಯ ಪಿಸ್ತೂಲು ಹೋಲಿಸಿದರೆ ಹಿಡಿಯ ದಪ್ಪ, ಟ್ರಿಗರ್‌ನ ದೂರ ಎಲ್ಲವೂ ನಡುವೆ ಬಂದು ಗೊಂದಲ ಮಾಡುತ್ತವೆ.

ನಾನು ಬಲಗೈಯವನು, ಬೆರಳುಗಳು ಗಿಡ್ಡ. ತಮ್ಮ ಎಡಚ, ಕೈ ದೊಡ್ಡದು. ರೇಂಜಿನಲ್ಲಿ, ಅಂದರೆ ಗುಂಡು ಹೊಡೆಯುವ ಅಭ್ಯಾಸದ ಜಾಗದಲ್ಲಿ, ಇಬ್ಬರೂ ಎರಡೂ ಪಿಸ್ತೂಲು ಬಳಸುತ್ತೇವೆ, ಒಂದೊಂದು ದಿನ ಒಂದೊಂದನ್ನು. ಹಾಗಾಗಿ ಇಲ್ಲಿ ಹೇಳುವುದು ಎರಡು ತರಹದ ಕೈಗಳ ಅನುಭವ.

ಪ್ಯಾಡಲ್ ನೋಡಿಲ್ಲದವರಿಗೆ ಮೊದಲು ಅದು ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಟ್ರಿಗರ್ ಗಾರ್ಡ್ ಹಿಂದೆ ಬಂದು ಹಿಡಿಗೆ ಸೇರುವ ಜಾಗದಲ್ಲಿ, ಎರಡೂ ಪಕ್ಕಕ್ಕೆ ಚೂರು ಚಾಚಿಕೊಂಡ ಒಂದು ಸಣ್ಣ ಲಿವರ್. ಅದನ್ನು ಕೆಳಕ್ಕೆ ಒತ್ತಬೇಕು. ಒಳಗಿನ ಕೊಕ್ಕೆ ಮ್ಯಾಗಜಿನ್‌ನ ಮುಂಭಾಗದ ಕಚ್ಚಿನಿಂದ ಹೊರಬರುತ್ತದೆ, ಮ್ಯಾಗಜಿನ್ ಬೀಳುತ್ತದೆ. ಬಟನ್ ಹಾಗಲ್ಲ. ಅದನ್ನು ಪಕ್ಕದಿಂದ ಒಳಕ್ಕೆ ಒತ್ತಬೇಕು, ಅದರ ಕೊಕ್ಕೆ ಕೂರುವುದೂ ಮ್ಯಾಗಜಿನ್‌ನ ಪಕ್ಕದ ಕಚ್ಚಿನಲ್ಲಿ.

ಈ 'ಕೆಳಕ್ಕೆ' ಮತ್ತು 'ಒಳಕ್ಕೆ' ಎನ್ನುವುದರಲ್ಲೇ ಮುಕ್ಕಾಲು ಪಾಲು ವಿಷಯ ಇದೆ. ಪಿಸ್ತೂಲನ್ನು ಗಟ್ಟಿಯಾಗಿ ಹಿಡಿದಾಗ ಕೈ ಏನು ಮಾಡುತ್ತದೆ ನೋಡಿ. ನಡುಬೆರಳು ಟ್ರಿಗರ್ ಗಾರ್ಡಿನ ಅಡಿಗೆ ಹೋಗಿ ಮೇಲಕ್ಕೆ ಒತ್ತುತ್ತದೆ. ಎರಡೂ ಅಂಗೈಗಳು ಪಕ್ಕದಿಂದ ಒಳಕ್ಕೆ ಒತ್ತುತ್ತವೆ. ಪ್ಯಾಡಲ್ ತೆರೆಯುವುದು ಕೆಳಕ್ಕೆ ಒತ್ತಿದರೆ. ಅಂದರೆ ಎಷ್ಟು ಗಟ್ಟಿಯಾಗಿ ಹಿಡಿದರೂ ಕೈಯ ಬಲ ಅದನ್ನು ತೆರೆಯುವ ದಿಕ್ಕಿಗೆ ವಿರುದ್ಧವಾಗಿಯೇ ಇರುತ್ತದೆ. ಬಟನ್‌ನದು ಉಲ್ಟಾ. ಹಿಡಿತ ಬಿಗಿ ಮಾಡಿದಷ್ಟೂ ಒತ್ತಡ ಹೋಗುವುದು ಬಟನ್ ತೆರೆಯುವ ದಿಕ್ಕಿಗೇ. ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಬಟನ್ ಸುತ್ತ ಎತ್ತರದ ಅಂಚು ಇರುತ್ತದೆ, ಸ್ಪ್ರಿಂಗೂ ಬಿಗಿ ಇರುತ್ತದೆ. ಆದರೆ ನನ್ನ ತಮ್ಮನಂಥ ದೊಡ್ಡ ಕೈಯವರು ಎಡಗೈಯಲ್ಲಿ ಹಿಡಿದಾಗ ಎಡಬದಿಯ ಬಟನ್ ಅವರ ಬೆರಳಿನ ಬುಡಕ್ಕೆ ತಾಗುತ್ತದೆ. ಒಮ್ಮೆ ಅವನು ಬೇರೊಬ್ಬರ ಬಟನ್ ಪಿಸ್ತೂಲಿನಲ್ಲಿ ಗುಂಡು ಹೊಡೆಯುತ್ತಿದ್ದಾಗ ಮಧ್ಯದಲ್ಲೇ ಮ್ಯಾಗಜಿನ್ ಸಡಿಲವಾಗಿ ಕೆಳಗಿಳಿಯಿತು. ಅಗಲವಾದ, ಉದ್ದ ಚಾಚಿದ ಬಟನ್ ಹಾಕಿಸಿದ ಪಿಸ್ತೂಲು ಅದು. ರೀಲೋಡ್ (ಖಾಲಿ ಮ್ಯಾಗಜಿನ್ ಬಿಡಿಸಿ ಹೊಸದು ಹಾಕುವುದು) ಬೇಗ ಆಗಲಿ ಅಂತ ಹಾಕಿಸುವ ದೊಡ್ಡ ಬಟನ್ನೇ ಹೀಗೆ ತೊಂದರೆ ಕೊಡುವುದು. ಪ್ಯಾಡಲ್‌ನಲ್ಲಿ ಇಷ್ಟು ವರ್ಷದಲ್ಲಿ ಒಂದು ಸಲವೂ ನಮಗೆ ಹಾಗೆ ಆಗಿಲ್ಲ.

ಸೊಂಟದಲ್ಲಿ ಇಟ್ಟುಕೊಳ್ಳುವವರಿಗೂ ಇದೇ ಮಾತು. ಬಲಸೊಂಟದ ಹೋಲ್ಸ್ಟರಿನಲ್ಲಿ ಪಿಸ್ತೂಲಿನ ಎಡಬದಿ ಮೈಗೆ ಒತ್ತಿಕೊಂಡಿರುತ್ತದೆ, ಬಟನ್ ಇರುವುದೂ ಅದೇ ಬದಿಯಲ್ಲಿ. ಕೂತಾಗ, ಬಗ್ಗಿದಾಗ ಒತ್ತಡ ಬೀಳುತ್ತದೆ. ಬಟನ್ ಭಾಗವನ್ನು ಮುಚ್ಚಿ ಕಾಪಾಡುವ ಹೋಲ್ಸ್ಟರ್ ಆದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಆಗಾಗ ಮ್ಯಾಗಜಿನ್ ತಳಕ್ಕೆ ಅಂಗೈ ಕೊಟ್ಟು ಒತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಈಗ ವೇಗ. ಎಲ್ಲರೂ ಮೊದಲು ಕೇಳುವುದು ಇದನ್ನೇ, ಆದರೆ ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ. ಮ್ಯಾಗಜಿನ್ ಬಿಡಿಸುವಾಗ ಯಾವ ಬೆರಳು ಕೆಲಸ ಮಾಡುತ್ತದೆ, ಆ ಹೊತ್ತಿಗೆ ಹಿಡಿತ ಎಷ್ಟು ಕದಲುತ್ತದೆ ಎನ್ನುವುದು ಮುಖ್ಯ.

ಬಟನ್ ಒತ್ತುವುದು ಹೆಬ್ಬೆರಳು. ನನ್ನಂಥ ಗಿಡ್ಡ ಬೆರಳಿನವರಿಗೆ ಅದು ನೇರವಾಗಿ ಎಟುಕುವುದಿಲ್ಲ. ಪಿಸ್ತೂಲನ್ನು ಕೈಯೊಳಗೇ ಚೂರು ತಿರುಗಿಸಬೇಕು, ಒತ್ತಬೇಕು, ಮತ್ತೆ ಮೊದಲಿನ ಹಿಡಿತಕ್ಕೆ ತರಬೇಕು. ಅಭ್ಯಾಸವಾದರೆ ಇದೆಲ್ಲ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಆದರೂ ಹಿಡಿತ ಕದಲುವುದು ನಿಜ. ಪ್ಯಾಡಲ್‌ನಲ್ಲಿ ನಾನು ಬಳಸುವುದು ತೋರುಬೆರಳು. ಗುಂಡು ಮುಗಿದು ಸ್ಲೈಡ್ (ಹೊಡೆದಾಗಲೆಲ್ಲ ಹಿಂದೆಮುಂದೆ ಜಾರುವ ಮೇಲ್ಭಾಗ) ಹಿಂದೆ ನಿಂತ ತಕ್ಷಣ ಬೆರಳು ಟ್ರಿಗರ್ ಬಿಟ್ಟು ಹೊರಗೆ ಬರಲೇಬೇಕು, ಅಲ್ವಾ? ಹಾಗೆ ಬಂದ ಬೆರಳನ್ನು ಗಾರ್ಡಿನ ಬಲಬದಿಯಲ್ಲೇ ಹಿಂದಕ್ಕೆ ಎಳೆದು ಪ್ಯಾಡಲ್ ಮೇಲಿಟ್ಟು ಕೆಳಕ್ಕೆ ಒತ್ತಿದರೆ ಆಯಿತು. ಉಳಿದ ಮೂರು ಬೆರಳು ಮತ್ತು ಹೆಬ್ಬೆರಳು ಇದ್ದಲ್ಲೇ ಇರುತ್ತವೆ. ಹೊಸ ಮ್ಯಾಗಜಿನ್ ಒಳಗೆ ಹೋದ ಮೇಲೆ ಸ್ಲೈಡ್ ಬಿಡಲು ಹೆಬ್ಬೆರಳು ಅದಾಗಲೇ ಜಾಗದಲ್ಲಿ ಸಿದ್ಧವಾಗಿರುತ್ತದೆ. ಬಟನ್‌ನಲ್ಲಿ ಎರಡೂ ಕೆಲಸ ಹೆಬ್ಬೆರಳಿನ ತಲೆಗೇ ಬೀಳುತ್ತದೆ.

ಹೆಬ್ಬೆರಳಿನಲ್ಲೇ ಪ್ಯಾಡಲ್ ಒತ್ತುತ್ತೇನೆ ಅಂತ ಹೊರಟರೆ ಮಾತ್ರ ಅದು ಕಿರಿಕಿರಿ. ಬಟನ್ ಇರುವ ಜಾಗಕ್ಕಿಂತ ಮುಂದೆ, ಕೆಳಗೆ ಹೋಗಬೇಕು. ಪ್ಯಾಡಲ್ ಸರಿ ಇಲ್ಲ ಅನ್ನುವವರಲ್ಲಿ ಬಹಳ ಮಂದಿ ಹೀಗೆ ಒತ್ತಿ ನೋಡಿದವರೇ. ಅವರಿಗೆ ತೋರುಬೆರಳಿನ ದಾರಿ ತೋರಿಸಿದರೆ ಅಭಿಪ್ರಾಯ ಬದಲಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೆಲವರು ನಡುಬೆರಳಲ್ಲಿ ಒತ್ತುತ್ತಾರೆ. ನನಗೆ ಅದು ಹಿಡಿಸಲಿಲ್ಲ, ಹಿಡಿತದ ಮುಖ್ಯ ಬೆರಳನ್ನೇ ಬಿಡಬೇಕಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಪ್ಯಾಡಲ್ ಒತ್ತಿದ ತೋರುಬೆರಳು ಅಲ್ಲಿಂದ ನೇರ ಟ್ರಿಗರ್‌ಗೆ ಹೋಗಬಾರದು. ಮೊದಲು ಫ್ರೇಮಿನ (ಪಿಸ್ತೂಲಿನ ಕೆಳಗಿನ ಚೌಕಟ್ಟು) ಮೇಲೆ, ಸ್ಲೈಡಿನ ಕೆಳಗೆ, ನೇರವಾಗಿ ಬಂದು ಮಲಗಬೇಕು. ಗುರಿ ಹಿಡಿದು, ಹೊಡೆಯಬೇಕು ಅಂತ ತೀರ್ಮಾನಿಸಿದ ಮೇಲೆಯೇ ಟ್ರಿಗರ್. ಡಮ್ಮಿ ಗುಂಡು ಹಾಕಿಕೊಂಡು ಈ ಮೂರು ಜಾಗಗಳನ್ನು, ಅಂದರೆ ಪ್ಯಾಡಲ್, ಫ್ರೇಮ್, ಟ್ರಿಗರ್, ನಿಧಾನವಾಗಿ ಕಲಿಯಿರಿ. ಇನ್ನೊಂದು, ಯಾವ ಬಗೆಯ ರಿಲೀಸ್ ಇದ್ದರೂ ಮ್ಯಾಗಜಿನ್ ಬಿದ್ದ ಮಾತ್ರಕ್ಕೆ ಪಿಸ್ತೂಲು ಖಾಲಿ ಅಲ್ಲ. ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂದಿನ ತುದಿಯಲ್ಲಿ, ಗುಂಡು ಇರಬಹುದು. ಸ್ಲೈಡ್ ಎಳೆದು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ.

ಎಡಚರ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಎಡಬದಿಯ ಬಟನ್ ಎಡಚರಿಗೆ ಅನ್ಯಾಯ ಅಂತ ಹೇಳುವುದು ವಾಡಿಕೆ. ಎಂ2ನಲ್ಲಿ ಬಟನ್ ಬಲಕ್ಕೆ ಬದಲಿಸಬಹುದು, 2010ರ ನಾಲ್ಕನೇ ತಲೆಮಾರಿನ ಗ್ಲಾಕ್ ಪಿಸ್ತೂಲಿನಲ್ಲೂ ಬದಲಿಸಬಹುದು. ಆದರೆ ನನ್ನ ತಮ್ಮ ಬದಲಿಸಿಲ್ಲ. ಎಡಬದಿಯ ಬಟನ್ನನ್ನು ಅವನು ತೋರುಬೆರಳಿನಲ್ಲೇ ಒತ್ತುತ್ತಾನೆ, ನಾನು ಪ್ಯಾಡಲ್ ಒತ್ತುವ ಹಾಗೆಯೇ. ಅವನ ರೀಲೋಡ್ ನನ್ನದಕ್ಕಿಂತ ಚುರುಕು! ಪ್ಯಾಡಲ್ ಹಿಡಿದಾಗಲೂ ಅವನು ಏನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಗ್ಲಾಕ್ ಬಟನ್ ಬಲಕ್ಕೆ ಬದಲಿಸುವವರು ಒಂದು ಗಮನಿಸಿ. ಹಳೆಯ ತಲೆಮಾರಿನ ಮ್ಯಾಗಜಿನ್‌ಗಳಲ್ಲಿ ಕಚ್ಚು ಒಂದೇ ಪಕ್ಕಕ್ಕೆ ಇರುತ್ತದೆ, ಬಟನ್ ಬದಲಿಸಿದ ಮೇಲೆ ಅವು ನಿಲ್ಲುವುದಿಲ್ಲ.

ಚರಿತ್ರೆ ಸ್ವಲ್ಪ ಹೇಳಿದರೆ ಇವೆರಡೂ ಯಾಕೆ ಉಳಿದವು ಅಂತ ತಿಳಿಯುತ್ತದೆ. ಬಟನ್ ಹಳೆಯದು. ಲೂಗರ್‌ನಲ್ಲೂ ಇತ್ತು, ಕೋಲ್ಟ್ 1911ರಲ್ಲೂ ಇತ್ತು. ಯುರೋಪಿನ ಬಹಳಷ್ಟು ಪಿಸ್ತೂಲುಗಳಲ್ಲಿ, ವಾಲ್ಟರ್ ಪಿ38, ಮಕಾರೊವ್ ಅಂಥವುಗಳಲ್ಲಿ, ಹಿಡಿಯ ತಳದಲ್ಲಿ ಕೊಕ್ಕೆ. ತಾನಾಗಿ ಬೀಳುವ ಮಾತೇ ಇಲ್ಲ, ಆದರೆ ಬಿಡಿಸಲು ಇನ್ನೊಂದು ಕೈ ಬೇಕು. ಎಚ್‌ಕೆ ಕಂಪನಿ 1993ರ ಯುಎಸ್‌ಪಿಯಲ್ಲಿ ಎರಡೂ ಕೈಗೆ ಒಗ್ಗುವ ಪ್ಯಾಡಲ್ ಕೊಟ್ಟಿತು. ವಾಲ್ಟರ್ ಪಿ99ನಲ್ಲೂ ಅದೇ ಬಂತು. ಪಿಪಿಕ್ಯೂ ಮೊದಲ ಮಾದರಿಗೆ ಅದು ಬಂದದ್ದು ಪಿ99ನಿಂದಲೇ. ಆಮೇಲೆ ಗಾಳಿ ತಿರುಗಿತು. ಬಟನ್‌ಗೆ ಒಗ್ಗಿದ ಕೈಗಳೇ ಜಾಸ್ತಿ. ವಾಲ್ಟರ್ ಎಂ2 ತಂದಿತು, 2021ರ ಪಿಡಿಪಿಯಲ್ಲಿ ಬಟನ್ ಮಾತ್ರ ಇದೆ. ಎಚ್‌ಕೆ ಕೂಡ 2014ರ ವಿಪಿ9ನಲ್ಲಿ ಪ್ಯಾಡಲ್ ಕೊಟ್ಟು, ಆಮೇಲೆ ಬಟನ್ ಇರುವ ವಿಪಿ9-ಬಿಯನ್ನೂ ತಂದಿತು. ಒಳ್ಳೆಯ ಪ್ಯಾಡಲ್ ಹೀಗೆ ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಬೇಸರ.

ದಪ್ಪ ಕೈಗವಸು ಹಾಕಿದಾಗ ಪ್ಯಾಡಲ್ಲೇ ಮೇಲು. ಸಣ್ಣ ಬಟನ್ ಗವಸಿನ ಅಡಿಯಲ್ಲಿ ಸಿಗುವುದೇ ಇಲ್ಲ. ಸವೆತದ ವಿಷಯದಲ್ಲಿ ಹೇಳುವಂಥದ್ದು ಏನೂ ಇಲ್ಲ, ಎರಡೂ ಗಟ್ಟಿಯಾಗಿವೆ. ಪ್ಯಾಡಲ್ ಹಿಂದಿನ ಸಂದಿಯಲ್ಲಿ ಮಸಿ, ನೂಲಿನ ಎಳೆ ಸೇರಿಕೊಳ್ಳುತ್ತದೆ. ಪಿಸ್ತೂಲು ಶುಚಿ ಮಾಡುವಾಗ ಸಣ್ಣ ಬ್ರಷ್‌ನಲ್ಲಿ ಒಮ್ಮೆ ಉಜ್ಜಿದರೆ ಸಾಕು.

ಹಾಗಾದರೆ ಯಾವುದು ತಗೊಳ್ಳಬೇಕು? ಮೊದಲ ಪಿಸ್ತೂಲು, ಕೈ ಸಣ್ಣದು ಅಥವಾ ನೀವು ಎಡಚರು ಅಂದರೆ ಪ್ಯಾಡಲ್ ಇರುವುದನ್ನು ಕೈಗೆತ್ತಿಕೊಂಡು ನೋಡದೆ ನಿರ್ಧಾರ ಮಾಡಬೇಡಿ. ಈಗಾಗಲೇ ಬಟನ್ ಪಿಸ್ತೂಲುಗಳನ್ನೇ ಇಟ್ಟುಕೊಂಡು ಪಂದ್ಯ ಆಡುವವರಾದರೆ ಬಟನ್‌ನಲ್ಲೇ ಇರಿ. ಎರಡರ ನಡುವೆ ಓಡಾಡುವವರ ಬೆರಳು ಅವಸರದಲ್ಲಿ ತಪ್ಪು ಜಾಗ ಹುಡುಕುತ್ತದೆ, ನಾವಿಬ್ಬರೂ ಅದಕ್ಕೇ ಒಂದು ದಿನ ರೇಂಜಿನಲ್ಲಿ ಒಂದೇ ಬಗೆ ಬಳಸುತ್ತೇವೆ. ಮೊದಲ ಮಾದರಿಯ ಪಿಪಿಕ್ಯೂ ಮೇಲೆ ಮನಸ್ಸಾದವರು ಮ್ಯಾಗಜಿನ್‌ಗಳನ್ನು ನೋಡಿಕೊಂಡೇ ಕೊಳ್ಳಿ. ಕಚ್ಚಿನ ಜಾಗ ಬೇರೆಯಾದ್ದರಿಂದ ಎಂ2 ಮ್ಯಾಗಜಿನ್ ಅದಕ್ಕೆ ಆಗುವುದಿಲ್ಲ, ಪಿ99ನದು ಆಗುತ್ತದೆ.